ಯಾವ ನಾಯಿ ಅಂತ ಆಮೇಲೆ ಕೇಳ್ರಿ, ಮಧ್ಯಾಹ್ನ ಮನೇಲಿ ಯಾರಿರ್ತಾರೆ ಅಂತ ಮೊದಲು ಹೇಳ್ರಿ

ಬೇಸಿಗೆ ಬಂತು ಅಂದ್ರೆ ನಮ್ಮ ಕಲಬುರಗಿಯಲ್ಲಿ ಸರ್ಕಾರಿ ಕಚೇರಿಗಳ ಟೈಮೇ ಬದಲಾಗುತ್ತೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಮುಗಿತು. ಈ ಬಿಸಿಲಲ್ಲಿ ಮನುಷ್ಯರು ಕೆಲಸ ಮಾಡೋದು ಕಷ್ಟ ಅಂತ ಸರ್ಕಾರವೇ ಒಪ್ಪಿಕೊಂಡಿರೋ ಊರು ಇದು. ಇಂಥ ಊರಲ್ಲಿ ಸೈಬೀರಿಯನ್ ಹಸ್ಕಿ ತಂದು ಸಾಕ್ತೀನಿ ಅನ್ನೋರಿಗೆ ಏನು ಹೇಳಬೇಕು?

ಹಸ್ಕಿಯದ್ದು ಎರಡು ಪದರದ ಕೂದಲು. ಹಿಮದಲ್ಲಿ ಬಂಡಿ ಎಳೆಯೋಕೆ ಬೆಳೆಸಿದ ತಳಿ ಅದು. ನಮ್ಮ ಹಾಗೆ ಮೈಯೆಲ್ಲಾ ಬೆವರಿ ತಂಪಾಗೋ ವ್ಯವಸ್ಥೆ ನಾಯಿಗೆ ಇಲ್ಲ. ಪಾದದಲ್ಲಿ ಸ್ವಲ್ಪ ಬೆವರುತ್ತೆ ಅಷ್ಟೇ, ಉಳಿದದ್ದೆಲ್ಲ ನಾಲಿಗೆ ಚಾಚಿ ತೇಕೋದ್ರಿಂದಲೇ ಆಗಬೇಕು. ಪಗ್ ತರಹದ ಚಪ್ಪಟೆ ಮೂತಿಯ ನಾಯಿಗಳಿಗೆ ಸರಿಯಾಗಿ ತೇಕೋದೂ ಕಷ್ಟ. 43 ಡಿಗ್ರಿ ಬಿಸಿಲಲ್ಲಿ ಇವುಗಳ ಪಾಡು ಏನಾಗಬಹುದು ಅಂತ ಯೋಚಿಸಿ. "ಎ.ಸಿ. ಹಾಕ್ತೀವಿ ಬಿಡಿ" ಅಂತಾರೆ. ಸರಿ, ಕರೆಂಟ್ ಹೋದಾಗ? ನೀವು ಮದುವೆಗೆ ಅಂತ ಎರಡು ದಿನ ಊರಿಗೆ ಹೋದಾಗ?

ಆದ್ರೆ ನನ್ನ ತಕರಾರು ಬರೀ ಹಸ್ಕಿ ಬಗ್ಗೆ ಅಲ್ಲ. "ಯಾವ ಬ್ರೀಡ್ ತಗೊಳ್ಳಲಿ?" ಅನ್ನೋ ಪ್ರಶ್ನೆಯೇ ತಪ್ಪು ಜಾಗದಿಂದ ಶುರುವಾಗುತ್ತೆ ಅಂತ ನನಗನ್ಸುತ್ತೆ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ಇದೇ ಕಥೆ. ಬೇಕಾಗಿರೋದು ಏನು ಅಂತ ಬರೆದುಕೊಳ್ಳದೆ ಮೊದಲೇ ಟೂಲ್ ಆರಿಸೋದು. ಆದ್ರೆ ಅಲ್ಲಿ ಪ್ರಾಜೆಕ್ಟ್ ಕೆಟ್ಟರೆ ರಾತ್ರಿ ಕೂತು ಸರಿ ಮಾಡಬಹುದು. ಇಲ್ಲಿರೋದು ಹತ್ತು-ಹದಿನೈದು ವರ್ಷ ಬದುಕೋ ಒಂದು ಜೀವ.

ಹಾಗಾದ್ರೆ ಮೊದಲು ಏನು ಕೇಳ್ಕೋಬೇಕು? ಮೂರೇ ಪ್ರಶ್ನೆ.

ಒಂದು, ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಮನೇಲಿ ಯಾರಿರ್ತಾರೆ? ಭಾನುವಾರ ಎಲ್ಲರೂ ಇರ್ತಾರೆ, ಅದು ಲೆಕ್ಕಕ್ಕಿಲ್ಲ. 2020ರ ಲಾಕ್‌ಡೌನಿನಲ್ಲಿ ಎಷ್ಟೋ ಜನ ಮನೆಯಿಂದಲೇ ಕೆಲಸ ಅಂತ ನಾಯಿ ತಂದರು. ಆಮೇಲೆ ಆಫೀಸಿಗೆ ಕರೆದಾಗ ನಾಯಿಗೆ ಉಳಿದದ್ದು ಬಾಲ್ಕನಿ.

ಎರಡು, ದಿನಕ್ಕೆ ಎರಡು ಸಲ ಅದನ್ನ ಹೊರಗೆ ಕರ್ಕೊಂಡು ಹೋಗೋರು ಯಾರು? ನಮ್ಮೂರಿನ ಬೇಸಿಗೆಯಲ್ಲಿ ಬೆಳಿಗ್ಗೆ ಆರರೊಳಗೆ, ಸಂಜೆ ಏಳರ ನಂತರ ಅಂತಲೇ ಇಟ್ಕೊಳ್ಳಿ. ಡಾಂಬರು ರಸ್ತೆ ಮೇಲೆ ಅಂಗೈ ಇಟ್ಟು ಐದು ಸೆಕೆಂಡ್ ತಡೆಯೋಕೆ ಆಗಲಿಲ್ಲ ಅಂದ್ರೆ ನಾಯಿಯ ಪಾದವೂ ತಡೆಯಲ್ಲ.

ಮೂರು, ಇನ್ನು ಹತ್ತು ವರ್ಷಕ್ಕೆ ಈ ಮನೇಲಿ ಯಾರಿರ್ತಾರೆ?

ಈ ಮೂರನೇ ಪ್ರಶ್ನೆ ನಮ್ಮ ಕಡೆಯವರಿಗೆ ಬಹಳ ಮುಖ್ಯ. ಕಲಬುರಗಿಯ ಇಂಜಿನಿಯರಿಂಗ್ ಹುಡುಗರು ಡಿಗ್ರಿ ಮುಗಿಸಿ ಬೆಂಗಳೂರು, ಹೈದರಾಬಾದ್, ಪುಣೆ ಅಂತ ಹೋಗೋದು ಮಾಮೂಲು. ಮನೇಲಿ ಅಪ್ಪ-ಅವ್ವ ಇಬ್ಬರೇ. "ಅವರಿಗೆ ಜೊತೆಗೆ ಇರಲಿ" ಅಂತ ಮಗ ಪ್ರೀತಿಯಿಂದ ಒಂದು ಲ್ಯಾಬ್ರಡಾರ್ ಮರಿ ತಂದು ಬಿಟ್ಟು, ಎರಡು ಫೋಟೋ ತೆಗೆದು, ರಾತ್ರಿ ಬಸ್ ಹತ್ತಿಬಿಡ್ತಾನೆ. ವರ್ಷ ಒಪ್ಪತ್ತಿನಲ್ಲಿ ಆ ಮರಿ ಮೂವತ್ತು ಕಿಲೋ ಆಗುತ್ತೆ. ಮಂಡಿನೋವಿನ ಅಪ್ಪ ಅದನ್ನ ಹಿಡಿದು ನಡೀಬೇಕಾ, ಅದು ಅವರನ್ನ ಎಳ್ಕೊಂಡು ಹೋಗಬೇಕಾ? ಆ ವಯಸ್ಸಿನವರಿಗೆ ನಾಯಿ ಒಳ್ಳೇ ಜೊತೆ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಅದು ಅವರ ನಡಿಗೆಯ ವೇಗಕ್ಕೆ ಹೊಂದೋ, ಮರಿ ವಯಸ್ಸಿನ ಹುಚ್ಚಾಟ ಮುಗಿಸಿದ ನಾಯಿ ಆಗಿರಬೇಕು. ಮತ್ತೆ ಅದನ್ನ ಆರಿಸೋರು ಅವರೇ ಆಗಬೇಕು, ನಾವಲ್ಲ.

"ವಿದೇಶಿ ತಳಿ ಬೇಡ ಅಂದ್ರೆ ಮುಧೋಳ ನಾಯಿ ತಗೋತೀವಿ, ನಮ್ಮ ಕರ್ನಾಟಕದ್ದೇ" ಅಂತಾರೆ ಕೆಲವರು. ಹೆಮ್ಮೆ ಪಡೋ ವಿಷಯವೇ. 2005ರಲ್ಲಿ ಮುಧೋಳ ಹೌಂಡ್ ಚಿತ್ರದ ಅಂಚೆ ಚೀಟಿ ಬಂತು. 2020ರ ಆಗಸ್ಟಿನ 'ಮನ್ ಕಿ ಬಾತ್'ನಲ್ಲಿ ಪ್ರಧಾನಿ ಇದರ ಹೆಸರು ಹೇಳಿದ ಮೇಲಂತೂ ಎಲ್ಲರ ಬಾಯಲ್ಲೂ ಇದೇ. ನಮ್ಮ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಈ ತಳಿಗಾಗಿಯೇ ಒಂದು ಸಂಶೋಧನಾ ಕೇಂದ್ರ ನಡೆಸುತ್ತೆ. ಬಿಸಿಲೂ ತಡೆಯೋ ನಾಯಿ ಇದು. ಆದ್ರೆ ಇದು ಕಣ್ಣಲ್ಲಿ ಬೇಟೆ ಗುರುತಿಸಿ ಓಡಿ ಹಿಡಿಯೋ ನಾಯಿ. ಓಡೋದೇ ಅದರ ಬದುಕು. ಅದನ್ನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಕಟ್ಟಿ ಹಾಕಿ "ಸ್ವದೇಶಿ" ಅಂತ ಬೀಗೋದು, ಹಸ್ಕಿಯನ್ನ ಬಿಸಿಲಿಗೆ ತಂದ ಹಾಗೇನೇ. ತಳಿ ಬದಲಾಯಿತು, ಯೋಚನೆ ಬದಲಾಗಲಿಲ್ಲ.

ಮತ್ತೆ ಓಡೋ ನಾಯಿಗೆ ಸರಿಯಾದ ಜಾಗ ಎಲ್ಲಿ ಅಂದ್ರೆ, ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದ ಕಡೆ ಹೋಗಿ ನೋಡಿ. ಕೆಂಪು ಬಾಳೆಗೆ ಜಿ.ಐ. ಮಾನ್ಯತೆ ಪಡೆದ ಊರು. ಬಾಳೆ ತೋಟ, ತೊಗರಿ ಹೊಲ, ಅಲ್ಲಲ್ಲಿ ಗುಡಿಸಲು, ಗುಡಿಸಲ ಮುಂದೆ ಒಂದು ನಾಯಿ. ಅದಕ್ಕೆ ಬ್ರೀಡ್ ಹೆಸರಿಲ್ಲ. ರಾತ್ರಿ ಹಂದಿ ಬಂದರೆ ಬೊಗಳುತ್ತೆ, ಹಗಲು ನೆರಳಲ್ಲಿ ಮಲಗುತ್ತೆ. ನಮಗೆ ಗೊತ್ತಿರೋ ಅಲ್ಲಿನ ರೈತರೊಬ್ಬರು ಒಮ್ಮೆ ಹೇಳಿದ್ರು, "ತಮ್ಮಾ, ನಾಯಿಗಿ ಹೊಲ ಬೇಕು, ಇಲ್ಲಾಂದ್ರ ಮಂದಿ ಬೇಕು. ಎರಡೂ ಇಲ್ಲಂದ್ರ ಅದು ಬರೇ ಒದರ್ತದ." ನಾಯಿ ಸಾಕೋದರ ಬಗ್ಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಹೊಲದ ಕುನ್ನಿಯನ್ನೇ ಎತ್ಕೊಂಡು ಬಂದು ಸೇಡಂ ರಸ್ತೆಯ ಮೂರನೇ ಮಹಡಿಯಲ್ಲಿ ಒಂಟಿಯಾಗಿ ಬಿಟ್ಟರೂ ಅಷ್ಟೇ, ಅದೂ ಒದರುತ್ತೆ. ಆಮೇಲೆ ಪಕ್ಕದ ಮನೆಯವರೂ ಒದರ್ತಾರೆ!

ಸರಿ, ಹೊಲ ಇಲ್ಲ, ಆದ್ರೆ ಮನೇಲಿ ಮಂದಿ ಇದಾರೆ. ಅಂಥವರು ಏನು ಮಾಡಬೇಕು? ನನ್ನ ಉತ್ತರ: ನಿಮ್ಮ ಓಣಿಯ ನಾಯಿ. ಅದರಲ್ಲೂ ಮರಿಗಿಂತ ಎರಡು-ಮೂರು ವರ್ಷದ ನಾಯಿ. ಮರಿ ದೊಡ್ಡದಾಗಿ ಹೇಗಾಗುತ್ತೆ ಅಂತ ಹೇಳೋಕೆ ಬರಲ್ಲ. ದೊಡ್ಡ ನಾಯಿಯ ಸ್ವಭಾವ ಕಣ್ಣೆದುರಿಗೇ ಇರುತ್ತೆ. ಮಕ್ಕಳ ಹತ್ತಿರ ಹೇಗಿರುತ್ತೆ, ಬೈಕ್ ಹಿಂದೆ ಓಡುತ್ತಾ, ಪಟಾಕಿಗೆ ಹೆದರುತ್ತಾ, ಎಲ್ಲಾ ನೀವು ತಿಂಗಳುಗಟ್ಟಲೆ ನೋಡಿರ್ತೀರಿ. ನಮ್ಮ ಬಿಸಿಲು, ನಮ್ಮ ನೀರು ಅದಕ್ಕೆ ಹೊಸದಲ್ಲ. ಗಾಣಗಾಪುರದ ದತ್ತಾತ್ರೇಯನ ಪಟ ಎಷ್ಟು ಮನೆಗಳಲ್ಲಿಲ್ಲ? ದೇವರ ಕಾಲ ಹತ್ತಿರ ನಾಲ್ಕು ನಾಯಿ. ನಾಲ್ಕು ವೇದ ಅಂತ ಕೈ ಮುಗೀತೀವಿ, ಹೊರಗೆ ಬಂದು ಅದೇ ತರಹದ ನಾಯಿಗೆ ಕಲ್ಲು ಬೀರ್ತೀವಿ.

ಹಾಗಂತ ಬೀದಿ ನಾಯಿ ಬಗ್ಗೆ ಜನಕ್ಕಿರೋ ಭಯವನ್ನ ನಾನು ತಮಾಷೆ ಮಾಡಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯ ಬದುಕೋದು ಇಲ್ಲವೇ ಇಲ್ಲ ಅನ್ನಬಹುದು. ಕಚ್ಚಿದ್ರೆ ಹದಿನೈದು ನಿಮಿಷ ಹರಿಯೋ ನೀರಲ್ಲಿ ಸೋಪು ಹಚ್ಚಿ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಬೇಕು, ಅರಿಶಿನ-ಖಾರಪುಡಿ ಅಲ್ಲ. ಆದ್ರೆ ಈ ಭಯಕ್ಕೆ ಉತ್ತರವೂ ದತ್ತು ತಗೊಳ್ಳೋದರಲ್ಲೇ ಇದೆ. ಮೂರು ತಿಂಗಳ ಮೇಲಿನ ನಾಯಿಗೆ ರೇಬಿಸ್ ಲಸಿಕೆ, ವೈದ್ಯರು ಹೇಳಿದ ಹಾಗೆ ಮತ್ತೆ ಮತ್ತೆ ಅದನ್ನ ಹಾಕಿಸೋದು, ಜೊತೆಗೆ ಸಂತಾನಹರಣ. ಇಷ್ಟು ಮಾಡಿದ ನಾಯಿ ಓಣಿಗೂ ಕ್ಷೇಮ. 2025ರ ಆಗಸ್ಟ್ 22ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೂಡ, ಬೀದಿ ನಾಯಿ ದತ್ತು ಬೇಕಾದವರು ಪಾಲಿಕೆಗೆ ಅರ್ಜಿ ಹಾಕಬಹುದು ಅಂತ ಹೇಳಿತು. ಜೊತೆಗೇ ಒಂದು ಷರತ್ತು: ದತ್ತು ಹೋದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡ್ಕೊಳ್ಳೋ ಜವಾಬ್ದಾರಿ ತಗೊಂಡವರದ್ದು.

ಆ ಷರತ್ತೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು. ಯಾಕಂದ್ರೆ ತಪ್ಪು ನಾಯಿ ಆರಿಸಿದ ಕಥೆ ಮುಗಿಯೋದು ಬಹಳ ಸಲ ಊರ ಹೊರಗಿನ ಹೆದ್ದಾರಿಯಲ್ಲಿ. ಕಾರಿನ ಬಾಗಿಲು ತೆಗೆದು ಇಳಿಸಿ ಹೋಗಿಬಿಡೋದು. ಮನೇಲಿ ತಟ್ಟೆಗೆ ಹಾಕಿದ್ದನ್ನ ತಿಂದ ನಾಯಿಗೆ ಕಸದ ಗುಂಡಿಯಲ್ಲಿ ಹುಡುಕಿ ತಿನ್ನೋಕೂ ಗೊತ್ತಾಗಲ್ಲ, ಲಾರಿಗೆ ಹೆದರಿ ಸರಿಯೋಕೂ ಗೊತ್ತಾಗಲ್ಲ. ಹಸಿವು, ನೀರಡಿಕೆಯಿಂದ ನರಳೋ ಹಾಗೆ ಪ್ರಾಣಿಯನ್ನ ಬಿಟ್ಟು ಹೋಗೋದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಮೊದಲ ಸಲಕ್ಕೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದ್ರೆ 50 ರೂಪಾಯಿ. ಅಂದ್ರೆ ಕಾನೂನು ನಮ್ಮನ್ನ ತಡೆಯಲ್ಲ. ತಡೆಯಬೇಕಾದವರು ನಾವೇ, ಅದೂ ನಾಯಿ ತರೋಕೆ ಮುಂಚೆ.

ಮೂರು ಪ್ರಶ್ನೆಗೆ ನಿಮ್ಮ ಉತ್ತರ "ಯಾರೂ ಇರಲ್ಲ" ಅಂತ ಬಂದ್ರೆ ಬೇಜಾರು ಮಾಡ್ಕೋಬೇಡಿ. ನಾಯಿ ಸಾಕದೇ ಇರೋದೂ ನಾಯಿ ಮೇಲಿನ ಪ್ರೀತಿಯೇ. ಗೇಟಿನ ಹೊರಗೆ ಒಂದು ಮಣ್ಣಿನ ಪಾತ್ರೆಯಲ್ಲಿ ನೀರಿಡಿ, ದಿನಾ ತೊಳೆದು ತುಂಬಿಸಿ. ಓಣಿಯ ಒಂದು ನಾಯಿಯ ಲಸಿಕೆ ಖರ್ಚು ಕೊಡಿ. ಹೆಂಗೂ ಮುಂದೊಂದು ದಿನ ಮಧ್ಯಾಹ್ನ ಎರಡಕ್ಕೆ ಮನೇಲಿ ಯಾರಾದ್ರೂ ಇರೋ ಕಾಲ ಬರುತ್ತೆ. ಆಗ ತಂದರಾಯ್ತು.

ನೀವೇನಂತೀರಿ?