ಕ್ವಾರ್ಟರ್ಸ್ ಬಿಟ್ಟ ಮೇಲೆ ಮನೆ ಎಲ್ಲಿ?

ಜನಗಣತಿಯ ಪಟ್ಟಿಯಲ್ಲಿ ಕಲಬುರಗಿ ಜಿಲ್ಲೆಯ ವಾಡಿ ಎರಡು ಸಲ ಬರುತ್ತದೆ. ಒಂದು ವಾಡಿ ಪಟ್ಟಣ, ಇನ್ನೊಂದು 'ವಾಡಿ ಎಸಿಸಿ'. ಶಹಾಬಾದ್‌ನದೂ ಅದೇ ಕತೆ: ಊರು ಬೇರೆ, 'ಶಹಾಬಾದ್ ಎಸಿಸಿ' ಬೇರೆ. ಸಿಮೆಂಟ್ ಕಾರ್ಖಾನೆಯ ಕಾಲೊನಿಯನ್ನು ಸರ್ಕಾರದ ಲೆಕ್ಕದವರೇ ಪ್ರತ್ಯೇಕ ಪಟ್ಟಣವೆಂದು ಬರೆದುಕೊಂಡದ್ದರಲ್ಲಿ ತಪ್ಪೇನಿಲ್ಲ. ಗೇಟಿನ ಒಳಗೆ ಮರಗಳ ಸಾಲು, ಹೊತ್ತಿಗೆ ಸರಿಯಾಗಿ ನಳದ ನೀರು, ಶಾಲೆ, ದವಾಖಾನೆ, ಆಟದ ಮೈದಾನ. ಗೇಟಿನ ಹೊರಗೆ ಲಾರಿಗಳ ಸಾಲು, ತೆರೆದ ಗಟಾರ, ಸುಡುವ ಫರ್ಸಿ ಮಾಳಿಗೆ. ಸೇಡಂ ತಾಲ್ಲೂಕಿನ ಮಳಖೇಡ ರೋಡ್ ಬಳಿಯ ಆದಿತ್ಯನಗರಕ್ಕೂ ಸೇಡಂ ಪಟ್ಟಣದ ವಾಸವದತ್ತ ಕಾಲೊನಿಗೂ ಈ ಮಾತು ಹೆಚ್ಚುಕಡಿಮೆ ಹೊಂದುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಯಲ್ಲಿ ಒಳ್ಳೆಯ ಬಡಾವಣೆ ಎಂದರೆ ಏನೆಂದು ಜನರಿಗೆ ತೋರಿಸಿಕೊಟ್ಟದ್ದು ಈ ಕಾಲೊನಿಗಳೇ. ಆದರೆ ಕಲಿಸಿದ್ದನ್ನು ಅವು ಉಳಿಸಿಕೊಳ್ಳಲು ಬಿಡುವುದಿಲ್ಲ. ನೌಕರಿ ಮುಗಿದರೆ ಕ್ವಾರ್ಟರ್ಸ್ ಬೀಗದ ಕೈ ವಾಪಸ್ಸು. ಮೂವತ್ತು ವರ್ಷ ಮಕ್ಕಳು ಬೆಳೆದ ಓಣಿಯಲ್ಲಿ ಒಂದು ಅಂಗುಲ ನೆಲವೂ ಸ್ವಂತದ್ದಲ್ಲ. ಆದ್ದರಿಂದ ಇಲ್ಲಿ ಮನೆ ಮಾಡುವವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಕಾರ್ಖಾನೆಯ ಗೇಟು ಎಷ್ಟು ಹತ್ತಿರ ಎಂಬುದಲ್ಲ. ಆ ಗೇಟಿನೊಳಗೆ ಹೋಗುವ ಕೆಲಸ ಮುಗಿದ ಮೇಲೆ ಮನೆ ಮಾಡಿದ ಓಣಿಯಲ್ಲಿ ಬದುಕಲಾದೀತೇ ಎಂಬುದು. ನಡೆಯುತ್ತಿರುವುದು ಇದಕ್ಕೆ ತಿರುವುಮುರುವು. ಮೂವತ್ತೈದರ ವಯಸ್ಸಿನಲ್ಲಿ, ಶಿಫ್ಟಿಗೆ ಬೈಕ್ ಮೇಲೆ ಹತ್ತು ನಿಮಿಷದಲ್ಲಿ ಮುಟ್ಟಬೇಕೆಂಬ ಒಂದೇ ಲೆಕ್ಕದಲ್ಲಿ ಪ್ಲಾಟ್ ಹಿಡಿಯುತ್ತಾರೆ. ಅರವತ್ತಕ್ಕೆ ಆ ಹತ್ತಿರವೇ ಶಿಕ್ಷೆಯಾಗುತ್ತದೆ.

ಕಾರ್ಖಾನೆಗಳ ಆಯುಸ್ಸು ಎಷ್ಟೆಂದು ನೋಡಲು ದೂರ ಹೋಗಬೇಕಿಲ್ಲ. ಶಹಾಬಾದ್‌ಗೆ ಸಿಮೆಂಟ್ ಕಾರ್ಖಾನೆ ಬಂದದ್ದು ನಿಜಾಮರ ಕಾಲದಲ್ಲಿ. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಅದೂ ಅದರೊಳಗೆ ಸೇರಿತು. ಕಲಬುರಗಿಯೂ ಕಂಡಿರದ ಉದ್ಯಮ ನಗರಿಯ ಗತ್ತು ಆ ಊರಿಗಿತ್ತು. ಆಮೇಲೆ ಕಾರ್ಖಾನೆ ಕೈ ಬದಲಾಯಿಸಿತು, ಕೊನೆಗೆ ನಿಂತುಹೋಯಿತು. ಸೈರನ್ ನಿಂತ ಊರಿನಲ್ಲಿ ಮನೆಗಳ ಬೆಲೆ ಏನಾಗುತ್ತದೆ, ಅಂಗಡಿ ಸಾಲು ಏನಾಗುತ್ತದೆ ಎಂಬುದನ್ನು ವಾಡಿ, ಸೇಡಂನವರು ಅಲ್ಲಿ ಹೋಗಿ ನೋಡಿ ಬರಬಹುದು. ಇನ್ನಷ್ಟು ದೊಡ್ಡ ಉದಾಹರಣೆ ಬೇಕಿದ್ದರೆ ಕೆಜಿಎಫ್ ಇದೆ: ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಗಣಿ ಕಾರ್ಮಿಕರ ಲೈನ್ ಮನೆಗಳು ಯಾರ ಸ್ವತ್ತು ಎಂಬ ಜಗಳ ಗಣಿ ಮುಚ್ಚಿದ ಮೇಲೂ ಉಳಿಯಿತು. ಅಮೆರಿಕದ ಷಿಕಾಗೊ ಪಕ್ಕದ ಪುಲ್ಮನ್ ಕಾಲೊನಿಯಲ್ಲಿ 1894ರಲ್ಲಿ ಕಂಪನಿ ಕೂಲಿ ಇಳಿಸಿತು, ಮನೆ ಬಾಡಿಗೆಯನ್ನು ಮಾತ್ರ ಇಳಿಸಲಿಲ್ಲ. ಮುಷ್ಕರ ದೇಶವ್ಯಾಪಿಯಾಯಿತು. 1898ರಲ್ಲಿ ಅಲ್ಲಿನ ನ್ಯಾಯಾಲಯ, ಕಂಪನಿ ಮನೆಗಳನ್ನು ಮಾರಲೇಬೇಕೆಂದು ತೀರ್ಪು ಕೊಟ್ಟಿತು. ನಮ್ಮಲ್ಲಿ ಅಂಥ ತೀರ್ಪಿನ ದಾರಿ ಕಾಯುವುದು ಜಾಣತನವಲ್ಲ.

ಕಾರ್ಖಾನೆ ಮುಚ್ಚಬೇಕೆಂದೇನೂ ಇಲ್ಲ, ಮಾಲೀಕ ಬದಲಾದರೂ ಸಾಕು. 1968ರಿಂದ ವಾಡಿಯಲ್ಲಿ ಹೊಗೆಯಾಡುತ್ತಿರುವ ಎಸಿಸಿ 2022ರಲ್ಲಿ ಅದಾನಿ ಸಮೂಹದ ಪಾಲಾಯಿತು. ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿರುವ ಓರಿಯಂಟ್ ಸಿಮೆಂಟ್ 2025ರಲ್ಲಿ ಅದೇ ಸಮೂಹದ ಅಂಬುಜಾ ಕೈ ಸೇರಿತು. ಅದೇ ವರ್ಷ ಕೇಸೋರಾಂ ಸಿಮೆಂಟ್ ಅಲ್ಟ್ರಾಟೆಕ್‌ನಲ್ಲಿ ವಿಲೀನವಾಗಿ, ವಾಸವದತ್ತವೂ ಅದರ ಬೆನ್ನಿಗೆ ಹೋಯಿತು. ಮೂರು ವರ್ಷದಲ್ಲಿ ಮೂರು ಕಾಲೊನಿಗಳ ಯಜಮಾನರು ಬದಲಾದರು. ಕಾಲೊನಿಯ ಶಾಲೆ ಮುಂದೆಯೂ ಇರುತ್ತದೆಯೇ, ದವಾಖಾನೆ ಹೊರಗಿನವರಿಗೂ ತೆರೆದಿರುತ್ತದೆಯೇ ಎಂಬ ನಿರ್ಧಾರ ಈಗ ಮುಂಬೈಯಲ್ಲೋ ಅಹಮದಾಬಾದಿನಲ್ಲೋ ಆಗುತ್ತದೆ. ಆ ಶಾಲೆಯನ್ನು ನಂಬಿ ಕಾಂಪೌಂಡಿನ ಆಚೆ ಪ್ಲಾಟ್ ತೆಗೆದುಕೊಂಡವರನ್ನು ಯಾರೂ ಕೇಳುವುದಿಲ್ಲ.

ಸರಿ, ಎಲ್ಲಿ ಮನೆ ಮಾಡಬೇಕು?

ಮೊದಲು ನದಿ ನೋಡಬೇಕು. ಬೇಸಿಗೆಯಲ್ಲಿ ಕಾಗಿಣಾ ಕಂಡವರಿಗೆ ಅದು ಕಲ್ಲುಬಂಡೆಗಳ ನಡುವೆ ನಾಚಿ ಹರಿಯುವ ಹಳ್ಳ. ಆದರೆ ಮುಲ್ಲಾಮಾರಿ, ಬೆಣ್ಣೆತೊರೆಗಳ ನೀರೆಲ್ಲ ಅದಕ್ಕೇ ಬಂದು ಬೀಳುತ್ತದೆ, ಅದು ಶಹಾಬಾದ್ ಹತ್ತಿರದ ಹೊನಗುಂಟಾದಲ್ಲಿ ಭೀಮೆಯನ್ನು ಕೂಡುತ್ತದೆ. ಭೀಮೆ ತುಂಬಿದ್ದರೆ ಕಾಗಿಣೆಗೆ ಹರಿದುಹೋಗಲು ಜಾಗವಿಲ್ಲ. ದೊಡ್ಡ ಮಳೆಯಾದಾಗಲೆಲ್ಲ ಚಿತ್ತಾಪುರದ ಕಡೆ ದಂಡೋತಿ ಸೇತುವೆ, ಸೇಡಂ ಕಡೆ ಮಳಖೇಡ ಸೇತುವೆ ಮುಳುಗಿ ಕಲಬುರಗಿಯ ದಾರಿ ಕಡಿದುಹೋಗುವುದು ಇಲ್ಲಿ ಸುದ್ದಿಯೇ ಅಲ್ಲ. 2020ರ ಅಕ್ಟೋಬರ್ ಮಳೆಗೆ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಮನೆಗಳಿಗೇ ಕಾಗಿಣೆ ನುಗ್ಗಿತು. ಆದ್ದರಿಂದ ಪ್ಲಾಟ್ ನೋಡಲು ಮಾರ್ಚ್‌ನಲ್ಲಿ ಏಜೆಂಟನ ಕಾರಿನಲ್ಲಿ ಹೋಗುವುದು ದಂಡ. ಸೆಪ್ಟೆಂಬರ್‌ನಲ್ಲಿ, ಮಳೆ ಬಿದ್ದ ಮರುದಿನ, ಒಬ್ಬರೇ ಹೋಗಬೇಕು. ನೀರು ಎಲ್ಲಿಗೆ ಬಂದು ನಿಂತಿತ್ತೆಂದು ಅಲ್ಲಿನ ಚಹಾ ಅಂಗಡಿಯವರು ಗೋಡೆ ತೋರಿಸಿ ಹೇಳುತ್ತಾರೆ.

ಚಿಂಚೋಳಿಯ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಮುಲ್ಲಾಮಾರಿಯ ಒಂದು ದಡಕ್ಕೆ ಹಳೆಯ ಚಿಂಚೋಳಿ, ಇನ್ನೊಂದು ದಡಕ್ಕೆ ಚಂದಾಪುರ. ಕಚೇರಿ ಕೆಲಸವಿದ್ದವರಿಗೆ ಚಂದಾಪುರ ಅನುಕೂಲ. ಐದು ಊರುಗಳಲ್ಲಿ ರೈಲಿಲ್ಲದ್ದು ಇದೊಂದೇ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಾಗ ಚಿತ್ತಾಪುರ, ಸೇಡಂ ಹಳಿಯ ಮೇಲೆ ಬಂದವು, ಚಿಂಚೋಳಿ ಉಳಿದುಹೋಯಿತು. ಬದಲಿಗೆ ಕಾಡು ಉಳಿಯಿತು, 2011ರಲ್ಲಿ ವನ್ಯಜೀವಿ ಧಾಮವೂ ಆಯಿತು. ಇಡೀ ಜಿಲ್ಲೆಯಲ್ಲಿ ಒಳ್ಳೆಯ ಗಾಳಿ ಬೇಕೆನ್ನುವವರಿಗೆ ಇದೇ ಜಾಗ. ಆದರೆ ಅದೇ ತಾಲ್ಲೂಕಿನ ಗಡಿಕೇಶ್ವಾರದಲ್ಲಿ 2021ರ ಅಕ್ಟೋಬರ್‌ನಲ್ಲಿ ನೆಲ ಪದೇ ಪದೇ ನಡುಗಿತು; ಒಂದು ಕಂಪನ 4.1ರಷ್ಟಿತ್ತು. ಜನ ಮನೆ ಬಿಟ್ಟು ಬಯಲಿನಲ್ಲಿ ಮಲಗಿದರು, ಎಷ್ಟೋ ಕುಟುಂಬಗಳು ಊರನ್ನೇ ಬಿಟ್ಟವು. ಮಳೆಗಾಲದ ನೀರು ಕಲ್ಲಿನ ಬಿರುಕುಗಳಿಗೆ ಇಳಿದಾಗ ಹೀಗಾಗುತ್ತದೆ ಎಂದು ತಜ್ಞರು ಸಮಾಧಾನ ಹೇಳಿದರು. ಅಷ್ಟೇನೂ ದೂರವಿಲ್ಲದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ 1993ರ ಸೆಪ್ಟೆಂಬರ್ 30ರ ಭೂಕಂಪದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತದ್ದು ಹೆಚ್ಚಾಗಿ ಮಣ್ಣು-ಕಲ್ಲಿನ ದಪ್ಪ ಗೋಡೆಗಳ ಕೆಳಗೆ ಸಿಕ್ಕು. ಈ ಭಾಗದಲ್ಲಿ ಹಳೆಯ ಮನೆ ಕೊಳ್ಳುವವರು ವಾಸ್ತು ನೋಡುವ ಮೊದಲು ಗೋಡೆ ನೋಡಲಿ.

ನೆಲದ ಮಾತು ಬಂದಾಗ ಎರೆ ಭೂಮಿಯನ್ನು ಮರೆಯುವಂತಿಲ್ಲ. ಹೊಸ ಬಡಾವಣೆಗಳಲ್ಲಿ ಬಹುಪಾಲು ನಿನ್ನೆಯ ತೊಗರಿ ಹೊಲಗಳು. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪ್ಲಾಟಿನಲ್ಲಿ ಉಳಿಸಿದ ದುಡ್ಡನ್ನು ಅದು ಪಾಯದಲ್ಲಿ ವಸೂಲಿ ಮಾಡುತ್ತದೆ. ಬೋರ್ ನೀರು ಸುಣ್ಣದ ಕಲ್ಲಿನೊಳಗಿಂದ ಬರುವುದರಿಂದ ಗಡಸು. ಪುರಸಭೆಯ ನಳ ಬಾರದ ಬಡಾವಣೆಯಲ್ಲಿ ಬೋರ್ ಇದೆ ಎಂಬುದು ಅರ್ಧ ಉತ್ತರ ಮಾತ್ರ.

ದೂಳಿನ ಬಗ್ಗೆ ಎಲ್ಲರೂ ಚಿಮಣಿ ತೋರಿಸುತ್ತಾರೆ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಆಗ ಮಳೆಯೇ ದೂಳನ್ನು ನೆಲಕ್ಕೆ ಇಳಿಸುತ್ತದೆ. ತಾಪತ್ರಯ ಚಳಿಗಾಲದ್ದು: ಮೂಡಣ ಗಾಳಿ, ಒಣ ಹವೆ, ನೆಲಕ್ಕೆ ಅಂಟಿ ಮೇಲೇಳದ ಮುಂಜಾನೆಯ ಹೊಗೆ. ಅಂದರೆ ಕಾರ್ಖಾನೆಯ ಪಶ್ಚಿಮಕ್ಕಿರುವ ಓಣಿಗಳಿಗೆ ಡಿಸೆಂಬರ್ ಕಷ್ಟ. ಇನ್ನು ಒಣಹಾಕಿದ ಬಟ್ಟೆಯ ಮೇಲೆ ಕೂರುವ ದೂಳಿನಲ್ಲಿ ದೊಡ್ಡ ಪಾಲು ಲಾರಿ ಓಡಾಡುವ ರಸ್ತೆಯದು. ಚಿಮಣಿ ಕಾಣದ, ಆದರೆ ಲಾರಿ ರಸ್ತೆಗೆ ಮುಖ ಮಾಡಿದ ಮನೆಗಿಂತ ಚಿಮಣಿ ಕಂಡರೂ ಒಳ ಓಣಿಯಲ್ಲಿರುವ ಮನೆಯೇ ಮೇಲು.

ಶಹಾಬಾದ್‌ನಲ್ಲಿ ಇನ್ನೊಂದು ಅಪಾಯವಿದೆ, ಖಣಿಗಳದ್ದು. ಅರ್ಧ ದೇಶದ ಅಂಗಳಕ್ಕೆ ಫರ್ಸಿ ಹಾಸಿದ ಊರು, ಕಲ್ಲು ತೆಗೆದ ಗುಂಡಿಗಳನ್ನು ಮುಚ್ಚಲು ಮರೆತಿದೆ. ನೀರು ನಿಂತ ಹಾಳು ಖಣಿಗಳ ಅಂಚಿಗೇ ಮನೆಗಳು ಎದ್ದಿವೆ. ಮಕ್ಕಳಿರುವವರಿಗೆ ಅಲ್ಲಿನ ಅಗ್ಗದ ಪ್ಲಾಟ್ ದುಬಾರಿ. ಸಿಮೆಂಟ್ ಗಣಿಯ ವಿಚಾರ ಇದಕ್ಕಿಂತ ಸೂಕ್ಷ್ಮ. 2015ರ ತಿದ್ದುಪಡಿಯ ನಂತರ ಗಣಿ ಗುತ್ತಿಗೆಯ ಅವಧಿ 50 ವರ್ಷ. ಇವತ್ತು ಪಕ್ಕದಲ್ಲಿ ಹಸಿರಾಗಿ ನಿಂತ ತೊಗರಿ ಹೊಲ ಯಾವುದೋ ಗುತ್ತಿಗೆಯ ಗಡಿಯೊಳಗಿದ್ದರೆ ಹತ್ತು ವರ್ಷದ ಮೇಲೆ ಅಲ್ಲಿ ಸಿಡಿಮದ್ದು ಹಾರಬಹುದು.

ಇಷ್ಟೆಲ್ಲ ತೂಗಿ ನೋಡಿದರೆ, ವಾಡಿಯಲ್ಲಿ ದುಡಿಯುವವರಿಗೆ ಚಿತ್ತಾಪುರವೇ ವಾಸಿ ಎನಿಸುತ್ತದೆ. ತಾಲ್ಲೂಕು ಕೇಂದ್ರ, ರೈಲು ಇದೆ, ಪಟ್ಟಣದ ನಡುವೆ ಚಿಮಣಿಯಿಲ್ಲ. ಪಕ್ಕದ ನಾಗಾವಿಯಲ್ಲಿ ಸಾವಿರ ವರ್ಷದ ಹಿಂದೆ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರ ಕಟ್ಟಿದವರೂ ಜಾಗ ನೋಡಿಯೇ ಕಟ್ಟಿರಬೇಕು. ಸೇಡಂನಲ್ಲಾದರೆ ಹೊರವಲಯದ ಫಲಕಗಳಿಗೆ ಮರುಳಾಗುವ ಬದಲು ಕಾಲೇಜು, ಸ್ಟೇಷನ್ನಿಗೆ ನಡೆದು ಹೋಗುವಂಥ ಹಳೆಯ ಬಡಾವಣೆಯ ಚಿಕ್ಕ ಮನೆ ಒಳ್ಳೆಯದು. ವಯಸ್ಸಾದ ಮೇಲೆ ಹೈದರಾಬಾದಿನ ಆಸ್ಪತ್ರೆಗೆ ರೈಲು ಹತ್ತುವುದು ಅಲ್ಲಿಂದಲೇ.

ಕಾಗದಪತ್ರದ ವಿಷಯಕ್ಕೆ ಬಂದರೆ, ಇಲ್ಲಿ ಕೃಷಿ ಭೂಮಿ 'ಎನ್‌ಎ' (ಕೃಷಿಯೇತರ) ಆಗಿದೆ ಎಂದರೆ ಎಲ್ಲ ಆಯಿತೆಂದೇ ಜನ ನಂಬುತ್ತಾರೆ. ಭೂಪರಿವರ್ತನೆ ಬೇರೆ, ಬಡಾವಣೆ ನಕ್ಷೆಯ ಅನುಮೋದನೆ ಬೇರೆ. 2025ರ ಫೆಬ್ರವರಿಯಲ್ಲಿ ಶುರುವಾದ ಬಿ ಖಾತೆ ಅಭಿಯಾನದಿಂದ ಪುರಸಭೆಗೆ ತೆರಿಗೆ ಬಂತೇ ಹೊರತು, ಅನಧಿಕೃತ ಬಡಾವಣೆಗೆ ಪಾರ್ಕು, ಗಟಾರ ಬಂದಿಲ್ಲ. 500 ಚದರ ಮೀಟರ್ ಮೀರಿದ ಬಡಾವಣೆ ಮಾರುವವರು ರೇರಾ ನೋಂದಣಿ ಮಾಡಿಸಬೇಕು. ಆ ಸಂಖ್ಯೆ ಕೇಳಿದಾಗ ಏಜೆಂಟ್ ಮಾತು ಬದಲಿಸಿದರೆ ಅಲ್ಲಿಂದ ಎದ್ದು ಬರುವುದು ಲೇಸು.

ಇಷ್ಟನ್ನೂ ಕೊಳ್ಳುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. ನದಿಯ ನೀರು ಎಲ್ಲಿಯವರೆಗೆ ಬಂದಿತ್ತೆಂಬುದು ಕಂದಾಯ ಇಲಾಖೆಗೆ ಗೊತ್ತು, ಗುತ್ತಿಗೆಯ ಗಡಿ ಗಣಿ ಇಲಾಖೆಗೆ ಗೊತ್ತು, ಅನುಮೋದನೆಯಾದ ಬಡಾವಣೆಗಳ ಪಟ್ಟಿ ಪುರಸಭೆಯಲ್ಲಿದೆ. ಪ್ಲಾಟ್ ಕೊಳ್ಳುವವರು ಬಂದು ನಿಲ್ಲುವುದು ಮಾತ್ರ ಉಪನೋಂದಣಾಧಿಕಾರಿ ಕಚೇರಿಯ ವರಾಂಡದಲ್ಲಿ. ಜಿಲ್ಲಾಡಳಿತ ಈ ಮೂರನ್ನೂ ಒಂದೇ ನಕ್ಷೆಯ ಮೇಲೆ ಗುರುತಿಸಿ, ಕನ್ನಡದಲ್ಲಿ ಹೆಸರು ಬರೆಸಿ, ಸೇಡಂ, ಚಿತ್ತಾಪುರ, ಚಿಂಚೋಳಿ ನೋಂದಣಿ ಕಚೇರಿಗಳ ಗೋಡೆಗೆ ಮುಂದಿನ ಮಳೆಗಾಲದೊಳಗೆ ಅಂಟಿಸಲಿ.