ಕೆರೆ ಇದ್ದರೆ ಸಾಲದು, ನೀರುಗಂಟಿಯೂ ಬೇಕು

ಮಲ್ಲಿಪಟ್ಟಣ ಹೋಬಳಿಯಲ್ಲಿ ಶುಂಠಿ ರೇಟು ಎಷ್ಟು, ತ್ರೀ ಫೇಸ್ ಕರೆಂಟು ಯಾವಾಗ, ಯಾರ ಮನೆಯಲ್ಲಿ ತಿಥಿ, ಎಲ್ಲ ಗೊತ್ತಾಗುವುದು ವಾಟ್ಸಾಪ್ ಗ್ರೂಪಿನಲ್ಲಿ. ಗ್ರೂಪಿನಲ್ಲಿ ಇಲ್ಲದವರಿಗೆ ಸುದ್ದಿಯೂ ಇಲ್ಲ. ಹೋದ ವರ್ಷ ಇದೇ ತಿಂಗಳು ರೇಟು ಎಷ್ಟಿತ್ತು ಅಂತ ಹುಡುಕಿದರೆ ಸಿಗುವುದು ಕಷ್ಟ. ಊರಿನ ಮಾತು ಊರಿನವರೇ ನೋಡಿಕೊಳ್ಳುವ ಸರ್ವರಿನಲ್ಲಿ ಇರಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಅದಕ್ಕೆ ಕೈಹಾಕುವ ಮೊದಲು ಒಂದು ಹಳೇ ಕಥೆ ತಿಳಿದಿರಲಿ.

ನಮ್ಮ ವಯಸ್ಸಿನವರಿಗೆ ಆರ್ಕುಟ್ ನೆನಪಿರುತ್ತದೆ. 2007ರ ನವೆಂಬರಿನಲ್ಲಿ ಗೂಗಲ್ ಕೆಲವು ಕಂಪನಿಗಳ ಜೊತೆ ಸೇರಿ ಓಪನ್‌ಸೋಷಿಯಲ್ ಎಂಬ ಪದ್ಧತಿ ತಂದಿತು. ಒಂದು ಸಣ್ಣ ಆಪ್ ಬರೆದರೆ ಆರ್ಕುಟ್, ಮೈಸ್ಪೇಸ್ ಹೀಗೆ ಹಲವು ಕಡೆ ಓಡಬೇಕು ಎಂಬುದು ಆಸೆ. ಅದನ್ನು ಓಡಿಸಲು ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ, ಒಳಗಿನ ಕೋಡ್ ಬಿಚ್ಚಿ ನೋಡಬಹುದಾದ ಸರ್ವರ್ ತಯಾರಾಯಿತು. ಅದರ ಹೆಸರು ಅಪಾಚೆ ಶಿಂಡಿಗ್.

ಸಂತೆಯ ಲೆಕ್ಕದಲ್ಲಿ ಹೇಳುವುದಾದರೆ ವೆಬ್‌ಸೈಟು ಸಂತೆ ಮಾಳ, ಆಪ್‌ಗಳು ಅಂಗಡಿಗಳು. ಶಿಂಡಿಗ್ ಅಂಗಡಿಗೆ ಜಾಗ ಕೊಡುತ್ತದೆ. ಬಂದವರು ಯಾರು, ಅವರ ಗೆಳೆಯರು ಯಾರು ಎಂದು ಅಂಗಡಿಯವನು ಕೇಳಿದರೆ, ಅನುಮತಿ ಇದ್ದಷ್ಟು ಮಾತ್ರ ಹೇಳುತ್ತದೆ. ಶುರು ಮಾಡುವುದು ಕಷ್ಟವಲ್ಲ. ಲ್ಯಾಪ್‌ಟಾಪಿನಲ್ಲಿ ಜಾವಾ, ಮೇವನ್ ಹಾಕಿಕೊಂಡು ಶಿಂಡಿಗ್ ಇಳಿಸಿ ಓಡಿಸಿದರೆ ಅದೇ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಮಾದರಿ ಪುಟ ತೆರೆಯುತ್ತದೆ. ಅಲ್ಲಿ ಕಾಲ್ಪನಿಕ ಮನುಷ್ಯರೂ ಅವರ ಗೆಳೆತನವೂ ಒಂದು ಫೈಲಿನಲ್ಲಿ ಇವೆ. ಅದನ್ನು ತಿದ್ದಿ ನೋಡಿದರೆ ಈ ವಿದ್ಯೆ ಅರ್ಧ ಅರ್ಥವಾಗುತ್ತದೆ.

ಆಮೇಲೆ ಏನಾಯಿತು? 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು. 2015ರಲ್ಲಿ ಶಿಂಡಿಗ್ ಕೂಡ ನಿವೃತ್ತಿಯಾಯಿತು. ಕೋಡ್ ಇವತ್ತಿಗೂ ಸಿಗುತ್ತದೆ, ರಿಪೇರಿ ಮಾಡುವ ಕೈಗಳಿಲ್ಲ. ಹಾಗಾಗಿ ಕಲಿಯಲು ಸರಿ, ಊರಿನವರ ಮಾಹಿತಿ ಇಡಲು ಬೇಡ.

ಇದರಿಂದ ನಾವು ಕಲಿಯಬೇಕಾದ್ದು ಇದೆ. ನಮ್ಮ ಸೀಮೆಯಲ್ಲಿ ಕೆರೆ ಕಟ್ಟಿದವರು ತೂಬು ನೋಡಲು ನೀರುಗಂಟಿಯನ್ನೂ ನೇಮಿಸುತ್ತಿದ್ದರು. ನೀರುಗಂಟಿ ಇಲ್ಲದ ಕೆರೆ ಹೂಳು ತುಂಬುತ್ತದೆ. ಸರ್ವರಿನದೂ ಅದೇ ಪಾಡು. ಸಾಫ್ಟ್‌ವೇರ್ ಪುಕ್ಕಟೆ, ಆರೈಕೆ ಪುಕ್ಕಟೆ ಅಲ್ಲ.

ಇವತ್ತು ಜೀವಂತ ಇರುವ ದಾರಿ ಆಕ್ಟಿವಿಟಿಪಬ್. 2018ರ ಜನವರಿಯಲ್ಲಿ ಡಬ್ಲ್ಯೂ3ಸಿ ಒಪ್ಪಿದ ಪದ್ಧತಿ ಇದು. ಒಂದು ಊರಿನ ಸರ್ವರ್ ಇನ್ನೊಂದು ಊರಿನ ಸರ್ವರ್ ಜೊತೆ ಮಾತಾಡಬಲ್ಲದು. ಮ್ಯಾಸ್ಟೊಡಾನ್ ಇದರಲ್ಲಿ ಹೆಸರಾದದ್ದು. ಗೋಟುಸೋಷಿಯಲ್ ಎಂಬುದು ಇನ್ನೂ ಹಗುರ, ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲೂ ಓಡುತ್ತದೆ. ಹಳ್ಳಿಯಲ್ಲಿ ಇದೆಲ್ಲ ಆಗುತ್ತಾ ಎನ್ನುವವರು ತುಮಕೂರು ಜಿಲ್ಲೆಯ ದೇವರಾಯನದುರ್ಗದ ಕಡೆ ನೋಡಲಿ. ಅಲ್ಲಿ ಬೆಂಗಳೂರಿನ ಜನಸ್ತು ಸಂಸ್ಥೆ ಹಳ್ಳಿಯವರ ಜೊತೆ ಸೇರಿ ಸಮುದಾಯದ್ದೇ ವೈಫೈ ಜಾಲ ಹಾಕಿದೆ. ಓದು ಬಾರದವರೂ ಬಳಸಲಿ ಎಂದು ದನಿಯ ರೆಕಾರ್ಡಿಂಗ್‌ಗಳ ಮೇಲೆ ಕೆಲಸ ಮಾಡಿದೆ.

ನಮ್ಮಲ್ಲಿ ಮಾಡುವುದಾದರೆ ಮೂರು ಮಾತು ಗಟ್ಟಿಯಾಗಿ ಹೇಳುತ್ತೇವೆ. ಒಂದು, ಸರ್ವರ್ ಯಾವ ಮುಖಂಡರ ಮನೆಯಲ್ಲೂ ಇರಬಾರದು. ಇದ್ದರೆ ಅದು ಅವರ ಗ್ರೂಪೇ ಆಗಿಬಿಡುತ್ತದೆ. ಕಂಪ್ಯೂಟರ್ ಇರುವ ಪಂಚಾಯಿತಿ ಅರಿವು ಕೇಂದ್ರ ಸರಿಯಾದ ಜಾಗ. ಎರಡು, ನೀರುಗಂಟಿಗಳು ಇಬ್ಬರು ಬೇಕು, ಅದರಲ್ಲಿ ಒಬ್ಬರು ಹೆಣ್ಣುಮಗಳಾಗಲಿ. ಒಬ್ಬರು ಬೆಂಗಳೂರಿಗೆ ಕೆಲಸಕ್ಕೆ ಹೋದರೂ ಪಾಸ್‌ವರ್ಡ್ ಊರಲ್ಲೇ ಉಳಿಯುತ್ತದೆ. ಸುಳ್ಳು ಸುದ್ದಿ ಬಂದರೆ ತೆಗೆಯುವ ನಿಯಮ ಮೊದಲೇ ಬರೆದು ಗೋಡೆಗೆ ಅಂಟಿಸಲಿ. ಮೂರು, ಕರೆಂಟು ಹೋಗುವ ಊರು ನಮ್ಮದು. ಯುಪಿಎಸ್ ಜೊತೆಗೆ ವಾರಕ್ಕೊಮ್ಮೆ ಬ್ಯಾಕಪ್ ತೆಗೆದು ಬೇರೆ ಕಡೆ ಇಡುವುದು ಖಡ್ಡಾಯ.

ವಾಟ್ಸಾಪ್ ಪುಕ್ಕಟೆ ಇರುವಾಗ ಈ ತಾಪತ್ರಯ ಯಾಕೆ ಎಂದು ಕೇಳಬಹುದು. ವಾಟ್ಸಾಪ್ ಬಿಡಿ ಎಂದು ನಾವು ಹೇಳುತ್ತಿಲ್ಲ. ಹರಟೆ ಅಲ್ಲಿರಲಿ, ಲೆಕ್ಕ ಇಲ್ಲಿರಲಿ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳಿಗೆ ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಮನಸ್ಸು ಮಾಡಿದರೆ ಒಂದು ಬೇಸಿಗೆ ರಜೆಯಲ್ಲಿ ಇದನ್ನು ಶುರು ಮಾಡಬಹುದು. ಮೊದಲು ಹೋಬಳಿಯ ಶುಂಠಿ, ಆಲೂಗೆಡ್ಡೆ ರೇಟು ಒಂದನ್ನೇ ದಿನಾ ಹಾಕಲಿ. ಒಂದು ವರ್ಷ ತಪ್ಪದೆ ಹಾಕಿದರೆ, ಮಿಕ್ಕಿದ್ದನ್ನು ಊರೇ ಕೇಳಿ ಮಾಡಿಸಿಕೊಳ್ಳುತ್ತದೆ.