ಚದುರಂಗದ ಮೊದಲ ನಡೆಗಳು ಮತ್ತು ವಿಜ್ಞಾನದ ಮನೋಭಾವ

ತೋರಣಗಲ್ಲಿನಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಚದುರಂಗದ ಮೊದಲ ಹನ್ನೆರಡು ನಡೆಗಳನ್ನು ತಡೆಯಿಲ್ಲದೆ ಒಪ್ಪಿಸಬಲ್ಲನು. ‘ಇಲ್ಲಿ ಕುದುರೆಯನ್ನೇ ಏಕೆ ನಡೆಸಬೇಕು?’ ಎಂದು ಕೇಳಿದರೆ, ‘ಪುಸ್ತಕದಲ್ಲಿ ಹಾಗಿದೆ, ಸಾರ್’ ಎನ್ನುವನು. ಭೌತಶಾಸ್ತ್ರದ ಸೂತ್ರಗಳ ವಿಷಯದಲ್ಲಿಯೂ ನನಗೆ ದೊರೆಯುವ ಉತ್ತರ ಇದೇ. ಇದು ಸಣ್ಣ ದೋಷವಲ್ಲ.

1962ರಲ್ಲಿ ಬಲ್ಗೇರಿಯದ ವಾರ್ನಾ ನಗರದಲ್ಲಿ ರಾಷ್ಟ್ರತಂಡಗಳ ಚದುರಂಗ ಒಲಿಂಪಿಯಾಡ್ ನಡೆಯಿತು. ಸೋವಿಯತ್ ತಂಡದ ಬಾಟ್ವಿನ್ನಿಕರು ಆಗ ಜಗಜ್ಜೇತರು. ವೃತ್ತಿಯಿಂದ ವಿದ್ಯುತ್ ಎಂಜಿನಿಯರರು. ಅವರಿಗೆ ಎದುರಾಳಿ ಅಮೆರಿಕದ 19 ವರ್ಷದ ತರುಣ ಫಿಷರ್. ಕಪ್ಪು ಕಾಯಿಗಳನ್ನು ಹಿಡಿದ ಫಿಷರನು ಗ್ರ್ಯೂನ್‌ಫೆಲ್ಡ್ ರಕ್ಷಣೆಯನ್ನು ಆರಿಸಿದನು. ಆಸ್ಟ್ರಿಯದ ಗ್ರ್ಯೂನ್‌ಫೆಲ್ಡ್ 1922ರಲ್ಲಿ ಬಳಕೆಗೆ ತಂದ ಈ ಆರಂಭದ ತತ್ತ್ವ ಸರಳವಾದುದು: ಹಲಗೆಯ ನಡುಮನೆಗಳನ್ನು ಎದುರಾಳಿಯ ಕಾಲಾಳುಗಳಿಗೆ ಬಿಟ್ಟುಕೊಟ್ಟು, ಅನಂತರ ದೂರದಿಂದ ಅವುಗಳ ಮೇಲೆ ಒತ್ತಡ ಹಾಕುವುದು.

ಈ ಮಾರ್ಗವನ್ನು ಬಾಟ್ವಿನ್ನಿಕರು ಮನೆಯಲ್ಲಿಯೇ ಆಳವಾಗಿ ವಿಶ್ಲೇಷಿಸಿಟ್ಟಿದ್ದರು. ಆದರೆ 17ನೆಯ ನಡೆಯಲ್ಲಿ ಫಿಷರನು ತನ್ನ ಮಂತ್ರಿಯಿಂದ ಬಿಳಿಯ ಕಾಲಾಳೊಂದನ್ನು ಹೊಡೆದನು. ಬಿಳಿಯ ಒಂಟೆ ಆ ಮಂತ್ರಿಯನ್ನು ಹೊಡೆದರೆ, ಕಪ್ಪು ಕುದುರೆ ಬಿಳಿಯ ಮಂತ್ರಿಯನ್ನು ಹೊಡೆಯುವುದು. ಮಂತ್ರಿಗೆ ಮಂತ್ರಿ ಸರಿಹೋಗಿ, ಕಪ್ಪಿಗೆ ಒಂದು ಕಾಲಾಳು ಲಾಭ! ಅಷ್ಟೊಂದು ಸಿದ್ಧತೆಯಲ್ಲಿ ಈ ಒಂದು ನಡೆ ಜಗಜ್ಜೇತರ ಕಣ್ಣಿಗೆ ಬಿದ್ದಿರಲಿಲ್ಲ.

ಆದರೂ ಫಿಷರನು ಗೆಲ್ಲಲಿಲ್ಲ. ಆಟವು ಮರುದಿನಕ್ಕೆ ನಿಂತಾಗ ಬಾಟ್ವಿನ್ನಿಕರೂ ಅವರ ಸಂಗಡಿಗರೂ ರಾತ್ರಿಯೆಲ್ಲ ಕುಳಿತು, ಆನೆಗಳ ಕೊನೆಯಾಟದಲ್ಲಿ ಪಾರಾಗುವ ದಾರಿಯನ್ನು ಹುಡುಕಿದರು. ಆಟ ಸಮವಾಯಿತು. ಫಿಷರನು ಗೆಲ್ಲಬಹುದಾಗಿತ್ತೇ ಎಂಬ ಚರ್ಚೆ ಅಲ್ಲಿಗೇ ಮುಗಿಯಲಿಲ್ಲ. ವರ್ಷಗಳ ಮೇಲೆ ಬಾಟ್ವಿನ್ನಿಕರ ಶಾಲೆಯಲ್ಲಿಯೇ ಕಲಿಯುತ್ತಿದ್ದ ಬಾಲಕ ಕಾಸ್ಪರೋವ್, ಗುರುಗಳ ವಿಶ್ಲೇಷಣೆಯಲ್ಲಿಯೂ ದೋಷವನ್ನು ತೋರಿಸಿದನು.

ವಿಜ್ಞಾನವು ಬೆಳೆದಿರುವುದೂ ಹೀಗೆಯೇ. ಸಿದ್ಧಾಂತವನ್ನು ಪ್ರಯೋಗವು ಒರೆಗೆ ಹಚ್ಚುವುದು. ಗುರುವಿನ ಮಾತನ್ನು ಶಿಷ್ಯನು ಪರೀಕ್ಷಿಸುವನು. ಇದರಿಂದ ಗುರುವಿನ ಗೌರವ ಕುಂದುವುದಿಲ್ಲ. ಇಂದು ಒಳ್ಳೆಯ ನಡೆಯನ್ನು ಕಂಪ್ಯೂಟರು ಕ್ಷಣಮಾತ್ರದಲ್ಲಿ ಹೇಳಿಬಿಡುವುದು ನಿಜ. ಆದರೆ ‘ಏಕೆ?’ ಎಂದು ಕೇಳುವ ಕೆಲಸ ನಮ್ಮದೇ. ಬಾಯಿಪಾಠದ ನಡೆಗಳು ಹನ್ನೆರಡಕ್ಕೆ ಮುಗಿಯುವುವು. ಹದಿಮೂರನೆಯದನ್ನು ವಿದ್ಯಾರ್ಥಿಯು ತಾನೇ ಆಲೋಚಿಸಿ ಆಡಬೇಕು.